ಮೇಲೊಂದು ಕೆರೆ, ಕೆಳಗೊಂದು ಕಡಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣಾರ, ನಮಸ್ಕಾರ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿತು. ಎಲ್ಲಿಗೆ ಹೋದರೂ ಜೊತೆಗೆ ಅತ್ತೆ, ಮಾವ, ಮಕ್ಕಳು, ನಾದಿನಿಯ ಮಕ್ಕಳು, ಗಾಡಿ ತುಂಬ ಜನ. ನಾವಿಬ್ಬರೇ ಅಂತ ಒಂದು ಸಲವೂ ಹೋಗಿಲ್ಲ. ಈ ವರ್ಷ ಮಗಳೂ ಓದಲು ಬೆಂಗಳೂರಿಗೆ ಹೋದಳು. ನನಗೆ ಕಾಡಿನ ನಡುವೆ ಒಂದು ಕೆರೆ ದಂಡೆ ಮೇಲೆ ಸುಮ್ನೆ ಕೂತು ಬರುವ ಆಸೆ. ನಮ್ಮನೆಯವರಿಗೆ ಸಮುದ್ರವೇ ಬೇಕು, ಮೀನು ಬೇಕು. ನಾನು ಮೀನು ಮುಟ್ಟುವುದಿಲ್ಲ. ಅವರಿಗೆ ಮೊಣಕಾಲು ನೋವು ಬೇರೆ, ಮೆಟ್ಟಿಲು ಹತ್ತಿ ಇಳಿಯಲು ಆಗುವುದಿಲ್ಲ. ನಾಲ್ಕು ದಿನ ಬಿಡುವು ಸಿಗುತ್ತದೆ. ಉತ್ತರ ಕನ್ನಡದಲ್ಲಿ ಎರಡೂ ಒಂದೇ ಸಲಕ್ಕೆ ಆಗುತ್ತಾ? ಯಾವಾಗ ಬರುವುದು?
– ಓದುಗರು, ಗದಗ

ಉತ್ತರ: ಆಗುತ್ತೆ ಅಕ್ಕಾ, ಆರಾಮಾಗಿ ಆಗುತ್ತೆ. ಆದರೆ ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ, ಜಾಗದ ಮಾತು ಆಮೇಲೆ. ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊಬೈಲ್‌ನಲ್ಲಿ ಒಂದು ಫೋಟೊ ನೋಡಿ ಅದೇ ಬೇಕು ಅಂತ ಹೊರಡುತ್ತಾರೆ, ಆ ಫೋಟೊ ಯಾವ ತಿಂಗಳದು ಅಂತ ಕೇಳುವುದೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲಿನ ನೀರಿಗೂ ಕೆಳಗಿನ ನೀರಿಗೂ ಹೊಂದಾಣಿಕೆ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಹಳ್ಳ, ಜಲಪಾತ ಎಲ್ಲ ತುಂಬಿ ಹರಿಯುತ್ತವೆ, ಆದರೆ ಆಗ ಕಡಲು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಪ್ರವಾಸಿ ದೋಣಿಗಳು ದಡಕ್ಕೆ ಬಂದು ಕೂತಿರುತ್ತವೆ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ನಿಮ್ಮ ಯಜಮಾನರಿಗೆ ತಾಜಾ ಮೀನು ಸಿಗುವುದೂ ಕಷ್ಟ. ಫೆಬ್ರವರಿ, ಮಾರ್ಚ್‌ಗೆ ಬಂದರೆ ಕಡಲು ಶಾಂತ, ದೋಣಿ ಉಂಟು, ಮೀನು ಉಂಟು. ಮೇಲೆ ಮಾತ್ರ ಜಲಪಾತ ಸೊರಗಿ ಬಂಡೆ ಕಾಣುತ್ತಿರುತ್ತದೆ. ಏಪ್ರಿಲ್, ಮೇ ಅಂತೂ ಬೇಡವೇ ಬೇಡ. ಗದಗಿನ ಬಿಸಿಲು ಕಂಡವರಿಗೆ ಬಿಸಿಲು ಹೊಸದಲ್ಲ, ಆದರೆ ಕರಾವಳಿಯ ಸೆಖೆ ಬೇರೆ ಜಾತಿಯದು. ನೆರಳಿಗೆ ಬಂದರೂ ಬೆವರು ನಿಲ್ಲುವುದಿಲ್ಲ.

ಎರಡೂ ಸೇರಿ ಬರುವ ಕಾಲ ಒಂದೇ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಮಳೆ ಬಿಟ್ಟಿರುತ್ತದೆ, ಹೊಳೆಯಲ್ಲಿ ನೀರಿರುತ್ತದೆ, ಕೆರೆ ತುಂಬಿರುತ್ತದೆ, ದೋಣಿಗಳು ಮತ್ತೆ ನೀರಿಗಿಳಿದಿರುತ್ತವೆ. ದಸರಾ ರಜೆ ಮುಗಿಯಲಿ. ಭಾನುವಾರ ಹೊರಟು ಬುಧವಾರ ವಾಪಸ್ ಬನ್ನಿ, ಶುಕ್ರವಾರ ಹೊರಡಬೇಡಿ. ಶನಿವಾರ ಬಂದ ಜನ ಭಾನುವಾರ ಸಂಜೆ ಗಂಟು ಕಟ್ಟುತ್ತಾರೆ, ಅಲ್ಲಿಂದ ಮುಂದೆ ಊರು ನಿಮ್ಮದು. ನಿಮ್ಮಿಬ್ಬರಿಗೆ ರಜೆ ಹಾಕುವ ಸ್ವಾತಂತ್ರ್ಯ ಇದೆ ಅಲ್ವಾ, ಅದನ್ನು ಉಪಯೋಗಿಸಿಕೊಳ್ಳಿ.

ಈಗ ಜಾಗ. ನೀವು ಗದಗಿನವರಾದ್ದರಿಂದ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದ ದಾರಿ ಹಿಡಿಯಿರಿ. ಹುಬ್ಬಳ್ಳಿಯಿಂದ ಯಲ್ಲಾಪುರ ಸುಮಾರು 70 ಕಿ.ಮೀ. ನಾನು ಶಿರಸಿ ಕಡೆಯವನಾದರೂ ನಿಮಗೆ ಶಿರಸಿ ಹೇಳುತ್ತಿಲ್ಲ, ಅದಕ್ಕೆ ಕಾರಣ ಇದೆ. ನಿಮಗೆ ಬೇಕಾದ ಕೆರೆ ಯಲ್ಲಾಪುರದ ಹತ್ತಿರ ಇದೆ. ಕವಡಿಕೆರೆ ಅಂತ. ಸುಮಾರು 60 ಎಕರೆಯ ಕೆರೆ, ಸುತ್ತ ಕಾಡು, ದಂಡೆಯ ಮೇಲೆ ದೇವಿಯ ಗುಡಿ. ಮಾಗೋಡು ಜಲಪಾತಕ್ಕೆ ಹೋಗುವವರಲ್ಲಿ ಹೆಚ್ಚಿನವರು ಇಲ್ಲಿ ಗಾಡಿ ನಿಲ್ಲಿಸಿ, ಐದು ನಿಮಿಷ ಫೋಟೊ ತೆಗೆದು, ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ರಾತ್ರಿ ಯಲ್ಲಾಪುರದಲ್ಲೋ ಹತ್ತಿರದ ಹೋಂಸ್ಟೇಯಲ್ಲೋ ಉಳಿದು, ಬೆಳಗ್ಗೆ ಸೂರ್ಯ ಮರದ ತುದಿ ಮುಟ್ಟುವ ಮೊದಲೇ ಕೆರೆಗೆ ಬನ್ನಿ. ಫ್ಲಾಸ್ಕ್‌ನಲ್ಲಿ ಚಹಾ ತನ್ನಿ, ಅಲ್ಲಿ ಆ ಹೊತ್ತಿಗೆ ಏನೂ ಸಿಗುವುದಿಲ್ಲ. ನೀರಿನ ಮೇಲಿನ ಮಂಜು ಏಳುವುದನ್ನು ನೋಡುತ್ತಾ ಕೂತರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ನೀರುಕಾಗೆ ಮುಳುಗು ಹಾಕಿ ಎದ್ದು, ಒಣ ಕೊಂಬೆಯ ಮೇಲೆ ಎರಡೂ ರೆಕ್ಕೆ ಬಿಚ್ಚಿ ಅಲ್ಲಾಡದೆ ನಿಲ್ಲುತ್ತದೆ, ಒದ್ದೆ ಸೀರೆ ಹರವಿದ ಹಾಗೆ. ಅದರ ಗರಿಗೆ ನೀರು ಹಿಡಿಯುತ್ತದೆ, ಒಣಗಿಸಿಕೊಳ್ಳದಿದ್ದರೆ ಹಾರುವುದು ಕಷ್ಟ. ಇನ್ನು ಕೆರೆಯಲ್ಲಿ ಈಜುವ ಸಾಹಸ ಬೇಡ. ದೇವಿಯ ಕೆರೆ ಅಂತ ಊರವರು ನಡೆದುಕೊಳ್ಳುತ್ತಾರೆ, ಸೋಪು, ಶಾಂಪೂ, ಪ್ಲಾಸ್ಟಿಕ್ ತಟ್ಟೆ ಯಾವುದೂ ನೀರಿಗೆ ಬೇಡ.

ಅಲ್ಲಿಂದ ಮುಂದೆ ಮಾಗೋಡು. ಯಲ್ಲಾಪುರದಿಂದ 20 ಕಿ.ಮೀ. ಒಳಗೇ. ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ಎದುರಿನ ಗುಡ್ಡದಿಂದಲೇ ನೋಡುವುದು, ಬುಡಕ್ಕೆ ಇಳಿಯುವ ಗೋಜಿಲ್ಲ, ಆದ್ದರಿಂದ ಯಜಮಾನರ ಮೊಣಕಾಲಿಗೆ ತೊಂದರೆ ಇಲ್ಲ. ಸಂಜೆಗೆ ಹತ್ತಿರದಲ್ಲೇ ಇರುವ ಜೇನುಕಲ್ಲು ಗುಡ್ಡಕ್ಕೆ ಹೋಗಿ. ಗಾಡಿ ಹತ್ತಿರದವರೆಗೆ ಹೋಗುತ್ತದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಕಾಡಿನ ಕಣಿವೆಯಲ್ಲಿ ಅದೇ ಬೇಡ್ತಿ ತಿರುಗಿ ತಿರುಗಿ ಪಶ್ಚಿಮಕ್ಕೆ ಹೋಗುವುದು ಕಾಣುತ್ತದೆ. ಈ ಹೊಳೆಯನ್ನು ನೆನಪಿಟ್ಟುಕೊಳ್ಳಿ, ಮರುದಿನ ಮತ್ತೆ ಸಿಗುತ್ತದೆ. ಅಂದ ಹಾಗೆ ಅದು ಹುಟ್ಟುವುದು ನಿಮ್ಮ ಧಾರವಾಡ, ಹುಬ್ಬಳ್ಳಿ ಕಡೆ. ಬಯಲುಸೀಮೆಯ ನೀರು ಕಡಲಿಗೆ ಹೋಗುವ ದಾರಿಯಲ್ಲೇ ನೀವೂ ಹೋಗುತ್ತೀರಿ ಅಂತಿಟ್ಟುಕೊಳ್ಳಿ.

ಸಾತೊಡ್ಡಿ ಜಲಪಾತವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಚೆಂದದ ಜಾಗ, ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಸೇರುವ ಹಳ್ಳ. ಆದರೆ ಕೊನೆಯಲ್ಲಿ ಕಲ್ಲು ಬೇರಿನ ದಾರಿಯಲ್ಲಿ ನಡೆಯಬೇಕು. ಈ ಸಲ ಬಿಡಿ. ಯಾಣವನ್ನೂ ಬಿಡಿ.

ಊಟದ ವಿಷಯಕ್ಕೆ ಬರೋಣ. ಮೇಲೆ ಇರುವ ಎರಡು ದಿನ ನಿಮ್ಮ ದಿನ, ಕೆಳಗಿನ ಎರಡು ದಿನ ಅವರ ದಿನ. ಯಲ್ಲಾಪುರ, ಶಿರಸಿ ಕಡೆಯ ಹವ್ಯಕರ ಮನೆಯೂಟದಲ್ಲಿ ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ ಇರುತ್ತದೆ. ಖಾರ ಕಡಿಮೆ ಅಂತ ಯಜಮಾನರು ಗೊಣಗಬಹುದು, ಚಟ್ನಿಪುಡಿ ಡಬ್ಬಿ ಚೀಲದಲ್ಲಿರಲಿ. ಹೋಂಸ್ಟೇ ಬುಕ್ ಮಾಡುವಾಗಲೇ ತೊಡದೇವು ಮಾಡಿ ತೋರಿಸುತ್ತೀರಾ ಅಂತ ಕೇಳಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿರುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಸೇರಿಸಿ ನೀರಾಗಿ ಕಲಸಿ, ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿನ ಮೇಲೆ ಒಂದು ಸಲ ಎಳೆಯುತ್ತಾರೆ. ಚುಂಯ್ ಅಂದ ಕೂಡಲೇ ಬಿಡಿಸಿ ಮಡಚಬೇಕು, ತಡವಾದರೆ ಮುರಿಯುತ್ತದೆ. ಬಾಯಿಗೆ ಹಾಕಿದರೆ ಅಗಿಯುವ ಕೆಲಸವೇ ಇಲ್ಲ. ಹಾಲು ತುಪ್ಪದ ಜೊತೆ ತಿನ್ನಿ.

ಮೂರನೇ ದಿನ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಬನ್ನಿ. ಬೆಳಗ್ಗೆಯೇ ಇಳಿಯಿರಿ. ಅದು ಹೆದ್ದಾರಿ, ಲಾರಿ ಜಾಸ್ತಿ, ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು ಕಥೆ. ಯಜಮಾನರೇ ಕಾರು ಓಡಿಸುವುದಾದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ ಅನ್ನಿ, ಸೆಕೆಂಡ್ ಗೇರ್‌ಗೆ ಹಾಕಿದರೆ ಎಂಜಿನ್ನೇ ಗಾಡಿ ಹಿಡಿದುಕೊಳ್ಳುತ್ತದೆ. ಘಟ್ಟ ಮುಗಿದು ರಾಮನಗುಳಿ ಬರುವ ಹೊತ್ತಿಗೆ ಪಕ್ಕದಲ್ಲಿ ಒಂದು ಹೊಳೆ ಕಾಣುತ್ತದಲ್ಲ, ಅದು ನೀವು ಹಿಂದಿನ ದಿನ ಜೇನುಕಲ್ಲಿನಿಂದ ನೋಡಿದ ಬೇಡ್ತಿಯೇ. ಕೆಳಗೆ ಬಂದ ಮೇಲೆ ಹೆಸರು ಗಂಗಾವಳಿ. ಅಂಕೋಲಾಕ್ಕೂ ಗೋಕರ್ಣಕ್ಕೂ ನಡುವೆ ಕಡಲು ಸೇರುತ್ತದೆ. ದೀಪಾವಳಿಯ ಹೊತ್ತಿಗೆ ಗೋಕರ್ಣದ ಮಹಾಬಲೇಶ್ವರನಿಗೂ ಗಂಗಾವಳಿಯ ಗಂಗಾಮಾತೆಗೂ ಕಡಲ ದಂಡೆಯಲ್ಲಿ ಮದುವೆ ಮಾಡುವ ಪದ್ಧತಿ ಇದೆ. ಪ್ರತಿ ವರ್ಷ ಮದುವೆ. ನಿಮ್ಮ ದಿನ ಅದಕ್ಕೆ ಹೊಂದಿ ಬಂದರೆ ತಪ್ಪಿಸಬೇಡಿ, ಬೆಳ್ಳಿಹಬ್ಬ ದಾಟಿದ ಜೋಡಿಗೆ ಇದಕ್ಕಿಂತ ಒಳ್ಳೆ ಊಟದ ಮನೆ ಯಾವುದಿದೆ!

ಉಳಿಯಲು ಗೋಕರ್ಣ ಬೇಡ, ಕಾರವಾರಕ್ಕೆ ಹೋಗಿ. ಇದು ನನ್ನ ಪಕ್ಷಪಾತ, ಇರಲಿ. ಗೋಕರ್ಣದಲ್ಲಿ ದೇವರ ದರ್ಶನ ಮಾಡಿ, ಊರ ಮುಂದಿನ ಕಡಲಲ್ಲಿ ಕಾಲು ತೊಳೆದು ಬನ್ನಿ, ಅರ್ಧ ದಿನ ಸಾಕು. ಓಂ ಬೀಚ್, ಕುಡ್ಲೆ ಎರಡಕ್ಕೂ ಇಳಿದು ಹತ್ತುವ ಕೆಲಸ ಇದೆ. ಕಾರವಾರದಲ್ಲಿ ಕಡಲು ಪೇಟೆಯ ಮಗ್ಗುಲಲ್ಲೇ ಇದೆ, ಮೆಟ್ಟಿಲಿಲ್ಲ. ಗುಡ್ಡಗಳು ನೀರಿನವರೆಗೆ ಬಂದು ನಿಂತಿವೆ, ಎದುರಿಗೆ ದ್ವೀಪಗಳು, ಉತ್ತರಕ್ಕೆ ಕಾಳಿ ನದಿ ಕಡಲು ಸೇರುವ ಅಳಿವೆ. ಇಲ್ಲಿನ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, 1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದು, ಒಂದು ನಾಟಕವನ್ನೂ ಬರೆದರು. ನಿಮಗೆ ನಾಟಕ ಬರೆಯುವ ಕಷ್ಟ ಬೇಡ, ಹುಣ್ಣಿಮೆಯ ಆಸುಪಾಸಿನ ದಿನ ನೋಡಿಕೊಂಡು ಬನ್ನಿ ಸಾಕು. ದೇವಬಾಗ್ ಕಡೆ ಸರ್ಕಾರದ ಜಂಗಲ್ ಲಾಡ್ಜಸ್‌ನವರ ವಸತಿ ಇದೆ, ಖರ್ಚು ಸ್ವಲ್ಪ ಜಾಸ್ತಿ. ಊರೊಳಗಿನ ಲಾಡ್ಜ್‌ನಲ್ಲಿ ಉಳಿದರೂ ಸಂಜೆಗೆ ಕಡಲು ಅದೇ.

ಮೊಣಕಾಲಿನವರಿಗೆ ಒಂದು ಮಾತು. ಒಣ ಮರಳಿನಲ್ಲಿ ನಡೆದರೆ ಹೆಜ್ಜೆ ಹೂತು ನೋವು ಏರುತ್ತದೆ. ನೀರು ಇಳಿದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅದರ ಮೇಲೆ ನಡೆಯಲಿ. ಭರತ (ಉಬ್ಬರ) ಯಾವಾಗ, ಇಳಿತ ಯಾವಾಗ ಅಂತ ಅಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕೇಳಿದರೆ ಹೇಳುತ್ತಾರೆ. ನೀರಿಗಿಳಿಯುವ ಆಸೆಯಾದರೆ ತೆರೆ ಒಡೆಯದೆ ಸಪ್ಪಗೆ ಕಾಣುವ ಜಾಗಕ್ಕೆ ಹೋಗಬೇಡಿ. ಶಾಂತವಾಗಿದೆ ಅಂತ ಜನ ಅಲ್ಲೇ ಇಳಿಯುತ್ತಾರೆ, ಆದರೆ ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ ಆಗಿರುತ್ತದೆ, ಸೆಳೆತ ಅಲ್ಲೇ ಜಾಸ್ತಿ. ಮೊಣಕಾಲಿನವರೆಗೆ ನೀರು ಸಾಕು.

ಮತ್ತೆ ಮೀನು. ಬಂಗಡೆ, ಇಸೋಣ, ತಿಸ್ರೆ, ಯಜಮಾನರಿಗೆ ಹಬ್ಬ. ನೀವು ಶಾಖಾಹಾರಿ ಹೋಟೆಲಿನಲ್ಲಿ ಊಟ ಮಾಡಿ, ಅವರು ಪಕ್ಕದಲ್ಲಿ ಮಾಡಲಿ, ಇಪ್ಪತ್ತೈದು ವರ್ಷ ಒಟ್ಟಿಗೆ ಉಂಡಿದ್ದೀರಿ, ಒಂದು ಮಧ್ಯಾಹ್ನ ಬೇರೆ ಬೇರೆ ಉಂಡರೆ ಏನಾಗುವುದಿಲ್ಲ. ಸೋಲಕಡಿ ಮಾತ್ರ ಇಬ್ಬರೂ ಕುಡಿಯಬಹುದು, ತೆಂಗಿನ ಹಾಲಿಗೆ ಕೋಕಂ ಹುಳಿ ಬೆರೆಸಿದ್ದು, ಮೀನಿನ ಸಂಬಂಧ ಇಲ್ಲ.

ಪ್ರಶ್ನೆ: ನಾವು ಹೊಸದಾಗಿ ಮದುವೆಯಾದವರು. ಶನಿವಾರ, ಭಾನುವಾರ ಎರಡು ದಿನದಲ್ಲಿ ದಾಂಡೇಲಿ, ಯಾಣ, ಜೋಗ, ಗೋಕರ್ಣ, ಮುರುಡೇಶ್ವರ, ಕಾರವಾರ ಕವರ್ ಮಾಡಬೇಕು. ಪ್ಲಾನ್ ಕೊಡಿ.
– ಓದುಗರು, ಬೆಂಗಳೂರು

ಉತ್ತರ: ಪ್ಲಾನ್ ಕೊಡುವುದಿಲ್ಲ. ಉತ್ತರ ಕನ್ನಡದ ಕರಾವಳಿಯೇ ಸುಮಾರು 140 ಕಿ.ಮೀ. ಉದ್ದ, ಮೇಲೆ ನೀವು ಘಟ್ಟ ಹತ್ತಿ ಇಳಿದು ಮತ್ತೆ ಹತ್ತುತ್ತೀರಿ. ಎರಡು ದಿನವೂ ಕಾರಿನ ಸೀಟಿನಲ್ಲೇ ಕಳೆಯುತ್ತದೆ, ಮೂರನೇ ತಿರುವಿನಲ್ಲಿ ಒಬ್ಬರಿಗೆ ವಾಂತಿ, ಐದನೇ ತಿರುವಿನಲ್ಲಿ ಇಬ್ಬರಿಗೂ ಜಗಳ. ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ರೈಲು ಹತ್ತಿ. ಕುಮಟಾದಲ್ಲಿ ಇಳಿಯಿರಿ, ಒಂದು ದಿನ ಮಿರ್ಜಾನ್ ಕೋಟೆ, ಇನ್ನೊಂದು ದಿನ ಗೋಕರ್ಣ. ಮಿರ್ಜಾನ್‌ನಲ್ಲಿ ಕೆಂಪು ಕಲ್ಲಿನ ಗೋಡೆ, ಹಸಿರು ಪಾಚಿ, ಕರಿಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ, ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಉಳಿದ ಊರುಗಳು ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಮದುವೆಯಾಗಿ ಎರಡು ತಿಂಗಳಾಯಿತು, ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ಅಪ್ಪನ ಹೆಸರೇ ಇದೆ. ಲಾಡ್ಜ್‌ನಲ್ಲಿ ರೂಮ್ ಕೊಡುವುದಿಲ್ಲ ಅಂದರೆ?
– ಓದುಗರು, ದಾವಣಗೆರೆ

ಉತ್ತರ: ಹೆದರಬೇಡಿ ತಂಗಿ. ಇಬ್ಬರ ಗುರುತಿನ ಚೀಟಿಯೂ ಮೂಲ ಪ್ರತಿ ಇಟ್ಟುಕೊಳ್ಳಿ, ಗಂಡನ ಹೆಸರು ಅದರಲ್ಲಿ ಇರಬೇಕು ಅಂತೇನಿಲ್ಲ. ಕೆಲವು ಲಾಡ್ಜ್‌ನವರು ತಮ್ಮದೇ ನಿಯಮ ಹೇಳುತ್ತಾರೆ, ಅದಕ್ಕೇ ಹಣ ಕಳಿಸುವ ಮೊದಲೇ ಫೋನ್ ಮಾಡಿ ನೇರವಾಗಿ ಕೇಳಿಬಿಡಿ. ರಾತ್ರಿ ಹತ್ತು ಗಂಟೆಗೆ ಚೀಲ ಹೊತ್ತು ಕೌಂಟರ್ ಮುಂದೆ ವಾದ ಮಾಡುವುದು ಯಾರಿಗೂ ಬೇಡ.

ಪ್ರಶ್ನೆ: ನಮಗೆ ರಜೆ ಸಿಗುವುದೇ ಆಗಸ್ಟ್‌ನಲ್ಲಿ. ಮಳೆಯಲ್ಲಿ ಬಂದರೆ ಏನೂ ನೋಡಲು ಆಗುವುದಿಲ್ಲವೇ? ಉಂಬಳದ (ಕಾಡಿನ ಜಿಗಣೆಯ) ಭಯ ನನ್ನ ಹೆಂಡತಿಗೆ ವಿಪರೀತ.
– ಓದುಗರು, ತುಮಕೂರು

ಉತ್ತರ: ಬನ್ನಿ, ಆದರೆ ಕಡಲು ಮರೆತು ಬನ್ನಿ. ಶಿರಸಿಯಲ್ಲೇ ಉಳಿಯಿರಿ. ಸೋಂದಾದ ಮುಂಡಿಗೆಕೆರೆಗೆ ಹೋಗಿ, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಅಲ್ಲಿನ ಮುಂಡಿಗೆ ಪೊದೆಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಚಿಕ್ಕ ಕೆರೆ, ಗಲಾಟೆ ಮಾಡದೆ ನಿಂತರೆ ತಾಯಿ ಹಕ್ಕಿ ಬಂದು ಕೂತ ಕೂಡಲೇ ಮರಿಗಳು ಕೊಕ್ಕು ಚಾಚುವುದೂ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ತನ್ನಿ. ಬನವಾಸಿಯ ಮಧುಕೇಶ್ವರ ದೇವಸ್ಥಾನ ಮಳೆಯಲ್ಲೂ ಚೆಂದ, ತಲೆ ಮೇಲೆ ಸೂರು ಇರುತ್ತದೆ. ಸಹಸ್ರಲಿಂಗಕ್ಕೆ ಆಗ ಹೋಗಿ ಪ್ರಯೋಜನ ಇಲ್ಲ, ಶಾಲ್ಮಲೆ ತುಂಬಿ ಲಿಂಗಗಳು ನೀರೊಳಗೆ ಇರುತ್ತವೆ. 116 ಮೀಟರ್‌ನ ಉಂಚಳ್ಳಿ ಜಲಪಾತಕ್ಕೆ ಹೋದರೆ ಸದ್ದು ಕಿವಿಗಡಚಿಕ್ಕುತ್ತದೆ, ಕೆಪ್ಪ ಜೋಗ ಅಂತ ಅದಕ್ಕೇ ಅನ್ನುವುದು. ಒಮ್ಮೊಮ್ಮೆ ಮಂಜು ಮುಚ್ಚಿ ಸದ್ದು ಮಾತ್ರ ಸಿಗುತ್ತದೆ, ಅದಕ್ಕೂ ತಯಾರಿರಿ.

ಜೋರು ಮಳೆ ಇದ್ದ ದಿನ ಘಟ್ಟ ಇಳಿಯಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ಚಹಾ ಕುಡಿಯಲು ಗಾಡಿ ನಿಲ್ಲಿಸಿದವರು ಮನೆಗೆ ಮರಳಲಿಲ್ಲ. ಜಿಲ್ಲಾಡಳಿತ ರೆಡ್ ಅಲರ್ಟ್ ಅಂದರೆ ರೂಮಿನಲ್ಲೇ ಇದ್ದು ಬಜ್ಜಿ ತಿನ್ನಿ. ರಜೆ ಹಾಳಾಯಿತು ಅಂತ ಅನಿಸಬಹುದು, ಅನಿಸಲಿ.

ಉಂಬಳದ ಬಗ್ಗೆ ನಿಮ್ಮ ಮನೆಯವರಿಗೆ ಹೇಳಿ, ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ನೋವಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ದ್ರವ ಬಿಡುತ್ತದೆ, ಅದಕ್ಕೇ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಅದನ್ನು ನೋಡಿ ಜನ ಕಂಗಾಲಾಗುತ್ತಾರೆ. ಜಗ್ಗಿ ಎಳೆಯಬೇಡಿ. ಉಗುರಿನಿಂದ ಮೆಲ್ಲಗೆ ಅದರ ಬಾಯಿಯ ಕಡೆ ತಳ್ಳಿದರೆ ಬಿಡುತ್ತದೆ, ಆಮೇಲೆ ಸೋಪಿನಲ್ಲಿ ತೊಳೆದು ಒತ್ತಿ ಹಿಡಿಯಿರಿ. ನಮ್ಮ ಕಡೆ ಸುಣ್ಣ, ಹೊಗೆಸೊಪ್ಪಿನ ನೀರು ಕಾಲಿಗೆ ಸವರಿಕೊಂಡು ತೋಟಕ್ಕೆ ಹೋಗುತ್ತಾರೆ. ನಿಮಗೆ ಉದ್ದನೆಯ ಕಾಲುಚೀಲ, ಪ್ಯಾಂಟಿನ ತುದಿಯನ್ನು ಅದರೊಳಗೆ ತುರುಕಿಕೊಂಡರೆ ಸಾಕು. ಬೂಟು ಬಿಚ್ಚಿದಾಗ ಒಳಗೂ ಒಮ್ಮೆ ನೋಡಿ.

ಪ್ರಶ್ನೆ: ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಮಾಡಬೇಕು ಅಂತ ಗಂಡನ ಹಟ. ಹೋದ ಮೇಲೆ ಇಲ್ಲ ಅನ್ನುತ್ತಾರಂತೆ, ನಿಜವೇ?
– ಓದುಗರು, ಬೆಳಗಾವಿ

ಉತ್ತರ: ಅನ್ನಬಹುದು. ಅಲ್ಲಿ ಕಾಳಿ ನದಿಯ ಹರಿವು ಮೇಲಿನ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ ನಿಂತಿದೆ. ವಿದ್ಯುತ್ತಿಗಾಗಿ ನೀರು ಬಿಟ್ಟರೆ ರ‍್ಯಾಫ್ಟ್ ಇಳಿಯುತ್ತದೆ, ಬಿಡದಿದ್ದರೆ ಇಲ್ಲ. ಹೊರಡುವ ಹಿಂದಿನ ದಿನ ಫೋನ್ ಮಾಡಿ ವಿಚಾರಿಸಿ, ಮುಂಗಡ ವಾಪಸ್ ಕೊಡುತ್ತಾರಾ ಅಂತಲೂ ಕೇಳಿ. ಲೈಫ್ ಜಾಕೆಟ್‌ನ ಪಟ್ಟಿ ಸಡಿಲ ಇದ್ದರೆ, ಹೆಲ್ಮೆಟ್ ಕೊಡದಿದ್ದರೆ, ಒಂದೇ ರ‍್ಯಾಫ್ಟ್‌ಗೆ ಜಾಸ್ತಿ ಜನ ತುಂಬಿದರೆ ಹತ್ತಬೇಡಿ. ಗಂಡ ಹಟ ಹಿಡಿದರೂ ಹತ್ತಬೇಡಿ.